ಬಕೆಟ್ ಗುರುತಿನ ಬಿಲ್ಲೆ

ನಾನು ಬಿಲ್ಲೆ ಕೂಡಿಸುತ್ತೇನೆ. ಹಿಂದಕ್ಕೆ ಇಲೆಕ್ಷನ್ ಬಂತೆಂದರೆ ಮಂದಿ ಅಂಗಿಗೆ ಚುಚ್ಚಿಕೊಂಡು ಓಡಾಡುತ್ತಿದ್ದರಲ್ಲ, ತಗಡಿನದು, ಮುಂದೆ ಗುರುತಿನ ಚಿತ್ರ, ಹಿಂದೆ ಪಿನ್ನು, ಅದು. ಜೋಡೆತ್ತು, ದೀಪ, ಗುಡಿಸಲು, ಆಕಳು-ಕರು, ತಕ್ಕಡಿ, ಏಣಿ, ಛತ್ರಿ. ಗೆದ್ದವರದೂ ಇದೆ, ಸೋತವರದೂ ಇದೆ. ಸೋತವರದೇ ಹೆಚ್ಚು. ಗೆದ್ದವನ ಬಿಲ್ಲೆಯನ್ನು ಮಂದಿ ಮರುದಿನ ಮಕ್ಕಳ ಕೈಗೆ ಕೊಡುತ್ತಾರೆ, ಅದು ಆಡಿ ಆಡಿ ಹಾಳಾಗುತ್ತದೆ. ಸೋತವನದನ್ನು ಕಣ್ಣಿಗೆ ಬೀಳದ ಹಾಗೆ ಎಲ್ಲಿಯೋ ತುರುಕಿರುತ್ತಾರೆ. ಅದಕ್ಕೇ ಅದು ಉಳಿಯುತ್ತದೆ.

ಸಾಲಿ ನನಗೆ ಹತ್ತಲಿಲ್ಲ. ಮೂರನೆಯ ಇಯತ್ತೆ ಮುಗಿಯುವ ಮೊದಲೇ ಮಾಸ್ತರರಿಗೂ ನನಗೂ ತೀರಿಹೋಯಿತು. ನನ್ನಂಥವರಿಗೆ ಹೆಸರು ಓದಲು ಬರುವುದಿಲ್ಲ ಅಂತಲೇ ಸರಕಾರ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಕೊಟ್ಟಿತು. ಹಾಗಾಗಿ ಬಿಲ್ಲೆ ಅಂದರೆ ನಮಗಾಗಿ ಬರೆದ ಅಕ್ಷರ ಅಂತ ನಾನು ತಿಳಿದಿದ್ದೇನೆ.

ಗದಗಿನ ಕಡೆಯಿಂದ ಪುಣೆಗೆ ಬಂದು ಹಡಪಸರದ ಒಂದು ಡಬ್ಬಿ ಕಾರ್ಖಾನೆಯಲ್ಲಿ ಪ್ರೆಸ್ಸಿನ ಮೇಲೆ ನಿಂತವನು ನಾನು. ಎಣ್ಣೆ ಡಬ್ಬಿಗೆ ಮುಚ್ಚಳ ಒತ್ತುವ ಕೆಲಸ. ಇಲೆಕ್ಷನ್ ದಿನಗಳಲ್ಲಿ ಅದೇ ಪ್ರೆಸ್ಸಿಗೆ ಸಣ್ಣ ಅಚ್ಚು ಹಾಕಿ ಬಿಲ್ಲೆ ಒತ್ತುತ್ತಿದ್ದೆವು. ಬೆಳಿಗ್ಗೆ ಒಬ್ಬನದು, ಸಂಜೆಗೆ ಅವನ ವೈರಿಯದು. ಸ್ವಲ್ಪ ಸೊಟ್ಟಾದದ್ದನ್ನು ಮಾಲಕರು ಒಯ್ಯಲು ಬಿಡುತ್ತಿದ್ದರು. ಹಾಗೆ ಶುರುವಾದ ಹುಚ್ಚು. ಈಗ ಎಲ್ಲವನ್ನೂ ಹೆಂಡತಿಯ ಒಂದು ಹಳೆಯ ಇಳಕಲ್ ಸೀರೆಯ ತುಂಡಿಗೆ ಚುಚ್ಚಿ ಇಟ್ಟಿದ್ದೇನೆ. ಬಟ್ಟೆಯನ್ನು ಬಿಚ್ಚಿ ಹಾಸಿದರೆ ಹಾಸಿಗೆಯಷ್ಟಾಗುತ್ತದೆ. ನಟ್ಟನಡುವೆ ಒಂದು ಜಾಗ ಮಾತ್ರ ಖಾಲಿ.

ಆ ಜಾಗ ನನ್ನ ಹೆಂಡತಿಯದು.

ಹೌದು, ನನ್ನ ಹೆಂಡತಿ ಬಸವಣ್ಣೆವ್ವ ಒಮ್ಮೆ ಇಲೆಕ್ಷನ್ನಿಗೆ ನಿಂತಿದ್ದಳು. ಮಹಾಪಾಲಿಕೆಯಲ್ಲಿ ಹೆಣ್ಣುಮಕ್ಕಳಿಗೆ ವಾರ್ಡು ಮೀಸಲು ಮಾಡಿದ ಹೊಸತು. ಆಗ ನಮ್ಮ ಚಾಳಿನ ಸಾಲುಮನೆಗಳಿಗೆಲ್ಲ ಸೇರಿ ಒಂದೇ ನಳ. ಅದೂ ಬಂದರೆ ಬಂತು. ಮುಖಂಡರು ತಮ್ಮ ತಮ್ಮ ಹೆಂಡಂದಿರನ್ನು ನಿಲ್ಲಿಸಿದರು. ನಳದ ಸರದಿಯಲ್ಲಿ ನಿಂತ ಹೆಂಗಸರು, "ಬಸವಣ್ಣೆವ್ವಾ, ನೀರಿನ ಕಷ್ಟ ಅವರಿಗೇನು ಗೊತ್ತು? ನೀ ನಿಲ್ಲವಾ, ನಾವಿದ್ದೀವಿ" ಅಂದರು. ಕನ್ನಡದವರು ಕನ್ನಡದಲ್ಲಿ ಅಂದರು, ಮರಾಠಿಯವರು ಮರಾಠಿಯಲ್ಲಿ ಅಂದರು. ಇವಳು ನಿಂತಳು. ಗುರುತು ಬಕೆಟ್.

ಬಿಲ್ಲೆ ನಾನೇ ಮಾಡಿದೆ. ಹೊಸ ತಗಡು ತರುವ ಶಕ್ತಿ ಇರಲಿಲ್ಲ. ಕಾರ್ಖಾನೆಯಲ್ಲಿ ಬಿದ್ದ ಸೂರ್ಯಕಾಂತಿ ಎಣ್ಣೆಯ ಡಬ್ಬಿಗಳನ್ನು ಬಿಚ್ಚಿ, ಬರೀ ತಗಡಿನ ಮಗ್ಗಲು ಮುಂದೆ ಬರುವಂತೆ ಕತ್ತರಿಸಿ, ಒಂದೊಂದರ ಮೇಲೂ ನೀಲಿ ಬಣ್ಣದಿಂದ ಬಕೆಟ್ ಬರೆದೆ. ಹಿಂದೆ ತಿರುಗಿಸಿದರೆ ಡಬ್ಬಿಯ ಹೂವು. ಒಂದರಲ್ಲಿ ಎರಡು ಎಸಳು, ಒಂದರಲ್ಲಿ ಬರೀ ತೊಟ್ಟು. ಅಂಥ ಬಿಲ್ಲೆ ಊರಿನಲ್ಲಿ ಬೇರೆ ಯಾರದೂ ಇರಲಿಲ್ಲ.

ಮನೆಮನೆಗೆ ಹಂಚಿದೆವು. ಎಲ್ಲರೂ ಕೈಚಾಚಿ ತೆಗೆದುಕೊಂಡರು. ಆದರೆ ಪ್ರಚಾರದ ಕಡೆಯ ದಿನ ಇವಳು ಹೊಸ ಸೀರೆ ಉಟ್ಟು ಓಣಿಯಲ್ಲಿ ನಡೆದಾಗ ಒಬ್ಬರ ಸೆರಗಿನ ಮೇಲೂ ಬಕೆಟ್ ಕಾಣಲಿಲ್ಲ. ಮುಖಂಡರ ಮಂದಿ ಓಣಿಯ ಬಾಯಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾರ ಎದೆಯ ಮೇಲೆ ಏನಿದೆ ಅಂತ ಅವರೂ ನೋಡುತ್ತಿದ್ದರು, ಇವಳೂ ನೋಡುತ್ತಿದ್ದಳು. ನಳದ ಹತ್ತಿರ ನಿಂತ ಹೆಂಗಸರು ಕೊಡದೊಳಗೆ ಮುಖ ಹಾಕಿದರು.

ಸೋತಳು. ಸೋತದ್ದಕ್ಕೆ ಅಳಲಿಲ್ಲ. ಉಳಿದ ಬಿಲ್ಲೆಗಳನ್ನೆಲ್ಲ ಬುಟ್ಟಿಗೆ ತುಂಬಿ, ನನ್ನ ಅಂಗಿಯ ಮೇಲಿದ್ದದ್ದನ್ನೂ ಕಿತ್ತುಕೊಂಡು, ಹೋಗಿ ಕಾಲುವೆಗೆ ಸುರುವಿ ಬಂದಳು.

"ವೋಟು ಒಳಗ ಹಾಕೋದು. ಅದು ಹಾಕಿದ್ರೋ ಬಿಟ್ರೋ ದೇವರಿಗೆ ಗೊತ್ತು. ಬಿಲ್ಲೆ ಹೊರಗ ಹಚ್ಚೋದು. ಒಬ್ಬರೂ ಹಚ್ಚಲಿಲ್ಲ," ಅಂದಳು.

ಅವತ್ತಿನಿಂದ ನಳಕ್ಕೆ ಹೋಗಲಿಲ್ಲ. ಮನೆಯೊಳಗೆ ನಳ ಬರುವ ತನಕ ನೀರು ನಾನೇ ತಂದೆ. ಮಾತು ಅವಳಿಗೆ ಎಂದೂ ಕಡಿಮೆ ಇರಲಿಲ್ಲ, ನನಗೆ ಬೈಯಲು ಈಗಲೂ ಕಡಿಮೆ ಇಲ್ಲ. ಆದರೆ ನಾಲ್ಕು ಮಂದಿ ಕೂತಲ್ಲಿ ಕೂಡುವುದನ್ನು ಬಿಟ್ಟಳು. ಮದುವೆಗೆ ಹೋದರೆ ಅಕ್ಷತೆ ಹಾಕಿ, ಉಂಡು, ಎದ್ದು ಬರುವುದು. ನನ್ನ ಬಿಲ್ಲೆಯ ಬಟ್ಟೆಯನ್ನು ಒಮ್ಮೆಯೂ ಬಿಚ್ಚಿ ನೋಡಲಿಲ್ಲ. ಅದಕ್ಕೆ ಅವಳು ಇಟ್ಟ ಹೆಸರು 'ಸೋತವರ ಸಂತಿ'.

ಒಂದು ಬಕೆಟ್ ಬಿಲ್ಲೆ ಸಿಗಬೇಕು, ಯಾರೋ ಒಬ್ಬರು ಇಟ್ಟುಕೊಂಡಿದ್ದರು ಅಂತ ಇವಳಿಗೆ ತೋರಿಸಬೇಕು, ಇದೊಂದೇ ಆಸೆ ನನಗೆ. ಅದಕ್ಕಾಗಿಯೇ ಜುನಾ ಬಜಾರಿಗೆ ಹೋಗುತ್ತಾ ಬಂದೆ. ಹಳೆ ಕಬ್ಬಿಣ, ಹಳೆ ಗಡಿಯಾರ, ಹಳೆ ನಾಣ್ಯ ನೆಲದ ಮೇಲೆ ಹರವಿ ಮಾರುವ ಸಂತೆ ಅದು. ಅಲ್ಲಿಯೇ ನನಗೆ ಮೋಹನದಾಸ ಶೆಟ್ಟರು ಸಿಕ್ಕರು.

ಶೆಟ್ಟರು ಕರಾವಳಿಯವರು. ಸೋಲಾಪುರ ರಸ್ತೆಗೆ ಹಡಪಸರದಲ್ಲಿ, ನಮ್ಮ ಓಣಿಯ ಹತ್ತಿರವೇ, ಅವರದೊಂದು ಸಣ್ಣ ಹೋಟೆಲ್ ಇತ್ತು. ನಾನು ಅಲ್ಲಿ ಚಹಾ ಕುಡಿದವನೇ, ಆದರೆ ಗಲ್ಲೆಯ ಮೇಲೆ ಕೂತವರ ಗುರುತು ಗಿರಾಕಿಗೆ ಎಷ್ಟಿರುತ್ತದೆ? ಹೋಟೆಲ್ ಮಾರಿ ಕಾತ್ರಜಕ್ಕೆ ಮನೆ ಮಾಡಿದ ಮೇಲೆ ಅವರಿಗೂ ಇದೇ ಹುಚ್ಚು ಹತ್ತಿತು. ಒಂದು ಏಣಿಯ ಬಿಲ್ಲೆಗೆ ಇಬ್ಬರೂ ಒಟ್ಟಿಗೆ ಕೈಹಾಕಿದೆವು.

"ಬಿಡಿ ಮಾರಾಯ್ರೆ, ಪಿನ್ನು ಚುಚ್ಚುತ್ತೆ," ಅಂದರು ಅವರು.

"ನಿಮಗೂ ಚುಚ್ಚತದಲ್ಲರಿ," ಅಂದೆ ನಾನು.

ಕನ್ನಡ ಕೇಳಿ ಇಬ್ಬರೂ ನಕ್ಕೆವು. ಏಣಿ ಅವರಿಗೆ ಹೋಯಿತು. ಗೆಳೆತನ ಉಳಿಯಿತು.

ನಮ್ಮಿಬ್ಬರದು ಒಂದು ಪದ್ಧತಿ ಬೆಳೆಯಿತು. ದಸರೆಗೆ ನಮ್ಮ ಕಡೆ ಬನ್ನಿ ಕೊಡುತ್ತಾರೆ. ಇಲ್ಲಿ ಪುಣೆಯಲ್ಲಿ ಆಪಟಾ ಎಲೆ. ಬಂಗಾರ ಅಂತ ಒಬ್ಬರ ಕೈಗೊಬ್ಬರು ಎಲೆ ಇಟ್ಟು, ಬಂಗಾರದ ಹಾಗೆ ಇರೋಣ ಅನ್ನುವುದು. ಶೆಟ್ಟರ ಊರಲ್ಲಿ ಈ ರೂಢಿ ಇಲ್ಲವಂತೆ. ನಾನು ಹೇಳಿಕೊಟ್ಟೆ. ಎಲೆಯ ಜೊತೆ ಒಂದೊಂದು ಬಿಲ್ಲೆ ಸುತ್ತಿ ಕೊಡುವುದು ನಾವು ಕೂಡಿ ಮಾಡಿಕೊಂಡದ್ದು. ಏನು ಬಂತೋ ಅದು ಬಂಗಾರ. ಬೇಡ ಅನ್ನುವಂತಿಲ್ಲ, ತಿರುಗಿ ಕೇಳುವಂತಿಲ್ಲ. ಹೊಸದಾಗಿ ಕಲಿತವರ ನಿಷ್ಠೆ ನೋಡಿ, ಶೆಟ್ಟರು ಈ ನಿಯಮವನ್ನು ನನಗಿಂತ ಬಿಗಿಯಾಗಿ ಹಿಡಿದರು. ಒಂದು ವರ್ಷ ಅವರ ಕೈತಪ್ಪಿ ಒಳ್ಳೆಯ ಹಿತ್ತಾಳೆಯ ದೀಪ ನನಗೆ ಬಂದುಬಿಟ್ಟಿತು. ನಾನು ತಿರುಗಿ ಕೊಡಲು ಹೋದರೆ ಕೈ ಹಿಂದೆ ಕಟ್ಟಿ ನಿಂತರು. "ಬಂಗಾರ, ಬಂಗಾರ! ಪಾಪ ಸುತ್ತಿಕೊಳ್ಳುತ್ತೆ ನನಗೆ!"

ಬಕೆಟ್ಟಿನ ವಿಷಯ ಅವರಿಗೆ ಗೊತ್ತಿತ್ತು. ಪ್ರತಿ ದಸರೆಗೂ ನಾನು ಎಲೆ ಬಿಚ್ಚುವಾಗ, "ಈ ಸಲವೂ ಬಕೆಟ್ ಅಲ್ಲ ಮಾರಾಯ್ರೆ," ಅನ್ನುತ್ತಿದ್ದರು.

ಈ ವರ್ಷ ಅನ್ನಲಿಲ್ಲ. ಜುನಾ ಬಜಾರಿನ ಮೂಲೆಯ ಚಹಾದಂಗಡಿಯಲ್ಲಿ ಕೂತಿದ್ದೆವು. ಎಲೆ ಬಿಚ್ಚಿದೆ. ಒಳಗೆ ಮಬ್ಬಾದ ತಗಡು, ಅದರ ಮೇಲೆ ನೀಲಿ ಗೆರೆ. ಹಿಡಿಕೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಹಾಗೆ ಬರೆದ ಕೈ ನನ್ನದೇ. ತಿರುಗಿಸಿದೆ. ಸೂರ್ಯಕಾಂತಿಯ ಒಂದೂವರೆ ಎಸಳು.

ಶೆಟ್ಟರು ಬಾಯಿ ಕಿವಿಗೆ ಮುಟ್ಟುವಂತೆ ನಗುತ್ತಾ ಕೂತಿದ್ದರು.

"ಎಲ್ಲಿ ಸಿಕ್ತರಿ ಶೆಟ್ರ?"

"ನಮ್ಮ ಮನೆಯಲ್ಲೇ! ದೇವರ ಕಪಾಟಿಗೆ ಬಣ್ಣ ಹೊಡೆಸ್ಲಿಕ್ಕೆ ಎಲ್ಲಾ ತೆಗೆದೆ. ಅಕ್ಕುವಿನ ಮುಡಿಪಿನ ಚೀಲಕ್ಕೆ ಇದನ್ನು ಚುಚ್ಚಿಟ್ಟಿದ್ದಾಳೆ. ಮುಖ ಒಳಗೆ, ಬೆನ್ನು ಹೊರಗೆ. ಇಷ್ಟು ವರ್ಷ ನಾನು ಎಂತದೋ ಹೂವಿನ ಪಿನ್ನು ಅಂದ್ಕೊಂಡಿದ್ದೆ."

ಅಕ್ಕು ಅಂದರೆ ಅವರ ಹೆಂಡತಿ. ಮುಡಿಪು ಅಂದರೆ ತಿರುಪತಿಗೆ ಅಂತ ಹಳದಿ ಬಟ್ಟೆಯಲ್ಲಿ ಕಟ್ಟಿಡುವ ಹರಕೆ.

"ಅವರನ್ನ ಕೇಳಿ ತಂದೀರಿಲ್ಲ?"

"ಕೇಳುದೆಂತ? ಪಿನ್ನಿಗೆ ಪಿನ್ನು ಹಾಕಿ ಬಂದಿದ್ದೇನೆ. ಹೊಸತು, ಸ್ಟೀಲಿಂದು."

ಅಲ್ಲಿಯೇ ನನಗೆ ತಿಳಿಯಬೇಕಿತ್ತು. ಆದರೆ ಬೇಕಾದದ್ದು ಅಂಗೈಗೆ ಬಂದಾಗ ಬುದ್ಧಿ ಅಂಗಾಲಿಗೆ ಹೋಗುತ್ತದೆ. ಮನೆಗೆ ಬಂದವನೇ ಬಟ್ಟೆ ಹಾಸಿ, ನಡುವಿನ ಜಾಗಕ್ಕೆ ಅದನ್ನು ಚುಚ್ಚಿದೆ. ಬಸವಣ್ಣೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹೇಗೆ ಕರೆಯಲಿ, ಏನಂತ ತೋರಿಸಲಿ ಅಂತ ನಾನು ಮಾತು ಜೋಡಿಸುತ್ತಿರುವಾಗಲೇ ಫೋನು ಬಂತು. ಹಿಟ್ಟಿನ ಕೈಯಲ್ಲೇ ಅವಳು ಎತ್ತಿದಳು. ಆ ಕಡೆಯ ದನಿ ಎಷ್ಟು ಜೋರಿತ್ತು ಅಂದರೆ ಹೊರಗೆ ಕೂತ ನನಗೂ ಕೇಳಿಸಿತು.

"ನಾನು ಅಕ್ಕು ಮಾತಾಡುದು, ಕಾತ್ರಜದಿಂದ. ಶೆಟ್ರ ಹೆಂಡತಿ. ನನ್ನ ಬಕೆಟ್ ಬಿಲ್ಲೆ ನಿಮ್ಮ ಮನೆಗೆ ಬಂದಿದೆ. ಅದು ನಿಮ್ಮದೇ ಎಲೆಕ್ಷನಿಂದು ಅಂತೆ, ಇವರು ಈಗ ಹೇಳಿದ್ದು. ಆದರೂ ಅದು ನನ್ನದು. ಇವರಿಗೆ ಎಷ್ಟು ಹೇಳಿದರೂ ಬಂಗಾರ ವಾಪಸ್ ಕೇಳಬಾರದು ಅಂತ ಕೂತಿದ್ದಾರೆ. ನನಗೆ ನಿಮ್ಮ ಬಂಗಾರದ ಕಾನೂನು ಗೊತ್ತಿಲ್ಲ. ನನ್ನ ಪಿನ್ನು ನನಗೆ ಬೇಕು."

ಬಸವಣ್ಣೆವ್ವ ಫೋನು ಇಟ್ಟಳು. ಹೊರಗೆ ಬಂದು ಬಟ್ಟೆಯ ಹತ್ತಿರ ಕೂತಳು. ಅದರ ಮುಂದೆ ಅವಳು ಕೂತದ್ದು ಅದೇ ಮೊದಲು. ಬಿಲ್ಲೆಯನ್ನು ಬಿಚ್ಚಿ, ಹೊರಳಿಸಿ, ಹೂವಿನ ಎಸಳಿನ ಮೇಲೆ ಹೆಬ್ಬೆಟ್ಟು ಆಡಿಸಿದಳು. ಹಿಟ್ಟು ಹತ್ತಿತು. ಸೆರಗಿನಿಂದ ಒರೆಸಿದಳು.

"ನೋಡಿದ್ಯಾ? ಯಾರೋ ಒಬ್ಬಾಕಿ ಇಟ್ಕೊಂಡಿದ್ಲು," ಅಂದೆ.

"ಇಟ್ಕೊಳ್ಳೋದು ಬ್ಯಾರೆ, ಹಚ್ಕೊಳ್ಳೋದು ಬ್ಯಾರೆ. ಚೀಲಕ್ಕ ಪಿನ್ನು ಬೇಕಿತ್ತು, ಇಟ್ಕೊಂಡಾಳ."

ಇಷ್ಟು ವರ್ಷ ಹುಡುಕಿ ತಂದು ತೋರಿಸಿದ್ದಕ್ಕೆ ಸಿಕ್ಕದ್ದು ಇಷ್ಟೇ ಮಾತು. ಆದರೂ ಬಿಡುವ ಮನಸ್ಸಿಲ್ಲ ನನಗೆ.

"ಕೊಡೂದೇನೂ ಬ್ಯಾಡ. ಬನ್ನಿಯೊಳಗ ಬಂದದ್ದು ತಿರುಗಿ ಕೊಡಬಾರದು. ನಾವ ಮಾಡಿದ್ದು, ನಮ್ಮ ಮನ್ಯಾಗ ಇರಲಿ."

"ಹೌದ್ರಿ, ಭಾಳ ದೊಡ್ಡ ಶಾಸ್ತ್ರ ನಿಮ್ಮಿಬ್ಬರದು," ಅಂದಳು. ಬಿಲ್ಲೆಯನ್ನು ಮುಷ್ಟಿಯೊಳಗೆ ಹಿಡಿದು, "ಆಕೀನ್ನ ಒಂದು ಮಾತು ಕೇಳಬೇಕು ನಾ. ನಾಳೆ ನಡೀರಿ," ಅಂದಳು.

ಇವಳು ತಾನಾಗಿ ಒಬ್ಬರ ಮನೆಗೆ ನಡೀರಿ ಅಂದದ್ದು ನನಗೆ ನೆನಪಿಲ್ಲ. ನನ್ನ ನೆನಪು ಅಷ್ಟು ಸುಲಭಕ್ಕೆ ಕೈಕೊಡುವುದೂ ಇಲ್ಲ. ಮರುದಿನ ಕಾತ್ರಜದ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಬಿಲ್ಲೆ ಅವಳ ಮುಷ್ಟಿಯಲ್ಲಿತ್ತು. ನಾನು ನೋಡುತ್ತಿದ್ದದ್ದು ಆ ಮುಷ್ಟಿಯನ್ನೇ. ಒಳಗೊಳಗೆ, ಕೊಡದೇ ಇರಲಿ ಶಿವನೇ, ಅನ್ನುತ್ತಿದ್ದೆ.

ಶೆಟ್ಟರ ಮನೆ ಮೇಲಿನ ಮಹಡಿ. ಕಿಟಕಿಯಿಂದ ಸಾತಾರದ ಹೆದ್ದಾರಿ, ಊರ ಕಡೆ ಹೋಗುವ ಬಸ್ಸುಗಳು ಕಾಣುತ್ತವೆ. ಶೆಟ್ಟರು ತಪ್ಪು ಮಾಡಿದ ಹುಡುಗನ ಹಾಗೆ ಬಾಗಿಲ ಹಿಂದೆ ನಿಂತಿದ್ದರು. ಅಕ್ಕು ಸಣ್ಣ ಆಳು, ದೊಡ್ಡ ದನಿ. ಬಸವಣ್ಣೆವ್ವನ ಮುಂದೆ ಚಹಾ ಇಟ್ಟು, ಎದುರಿಗೆ ಕೂತರು. ಬಸವಣ್ಣೆವ್ವ ಚಹಾ ಮುಟ್ಟಲಿಲ್ಲ.

"ಒಂದು ಮಾತು ಕೇಳತೀನ್ರಿ. ಇದು ನಿಮಗೆಲ್ಲಿ ಸಿಕ್ತು?"

"ಹೋಟೆಲಿನಲ್ಲಿ. ಯಾರೋ ಗಲ್ಲೆಯ ಮೇಲೆ ಒಂದು ಮುಷ್ಟಿ ಇಟ್ಟು ಹೋಗಿದ್ರು. ಇವರು ಹೆದರಿ ಕಸದ ಬುಟ್ಟಿಗೆ ಹಾಕಿದ್ರು."

ಇಟ್ಟು ಹೋದವನು ನಾನೇ. ಶೆಟ್ಟರು ಕಿಟಕಿಯ ಕಡೆ ತಿರುಗಿದರು.

"ಹೆದರುದಲ್ಲ," ಅಂದರು, "ಆ ಮುಖಂಡರ ಮಂದಿ ದಿನಾ ಇಡ್ಲಿ ತಿನ್ಲಿಕ್ಕೆ ಬರ್ತಿದ್ರು."

"ಅದನ್ನೇ ಹೆದರುದು ಅಂತ ಹೇಳುದು. ನಾನು ಬುಟ್ಟಿಯಿಂದ ಒಂದನ್ನು ತೆಗೆದೆ. ತೆಗೆದು ಸೆರಗಿಗೆ ಹಾಕಿಕೊಂಡೆ."

ಬಸವಣ್ಣೆವ್ವನ ಕತ್ತು ನೆಟ್ಟಗಾಯಿತು.

"ಹಚ್ಕೊಂಡಿದ್ರಿ?"

"ಮತ್ತೆ? ವೋಟು ಮುಗಿಯುವವರೆಗೂ. ರುಬ್ಬುವಾಗ ತೆಗೆದು ಇಡುದು, ಮತ್ತೆ ಹಾಕುದು. ಹಿಟ್ಟಿಗೆ ಬಿದ್ರೆ ಕಷ್ಟ ಅಲ್ವಾ."

"ನನಗ ವೋಟ್ ಹಾಕಿದ್ರಿ?"

"ಇಲ್ಲ!" ಅಂದರು ಅಕ್ಕು. "ನನ್ನ ಹೆಸರು ಊರಿನ ಪಟ್ಟಿಯಲ್ಲಿತ್ತು. ಇಲ್ಲಿ ಎಲ್ಲಿಂದ ವೋಟು? ಇವರಿಗೆ ಇತ್ತು, ಇವರು ಯಾರಿಗೆ ಹಾಕಿದ್ರೋ ಇವತ್ತಿಗೂ ಹೇಳಲಿಲ್ಲ. ನನಗೆ ವೋಟಿಲ್ಲ ಅಂತಲೇ ಬಿಲ್ಲೆ ಹಾಕಿದ್ದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಟ್ಯಾಂಕರಿನ ಹಿಂದೆ ಬಕೆಟ್ ಹಿಡಿದು ಓಡುತ್ತಿದ್ದವಳು ನಾನು. ಅಷ್ಟು ಚಿತ್ರಗಳಲ್ಲಿ ನನಗೆ ಅರ್ಥ ಆದದ್ದು ಇದೊಂದೇ."

ಬಸವಣ್ಣೆವ್ವನ ದನಿ ಬೇರೆಯಾಯಿತು. ಜಗಳದ ದನಿ ಅನ್ನಬೇಕು, ಆದರೆ ಜಗಳ ಅಲ್ಲ.

"ಕಡೀ ದಿನಾ ನಾ ನಿಮ್ಮ ಹೋಟೆಲ್ ಮುಂದಿಂದ ಹೋದ್ನಲ್ಲರಿ. ಎಲ್ಲಾರ ಎದಿ ನೋಡಕೋತ ಹೋದೆ. ಒಂದ ಒಂದು ಸಲ ನೀವು ಹೊರಗ ಬಂದಿದ್ರ ನಾ ನೋಡತಿದ್ದೆ!"

"ಹೇಗೆ ಬರುದು ಮಾರಾಯ್ತಿ? ಒಲೆಯ ಮೇಲೆ ಸಾಂಬಾರ್ ಇತ್ತು!"

ಬಸವಣ್ಣೆವ್ವ ಅಕ್ಕುವಿನ ಮುಖ ನೋಡಿದಳು. ಮೊದಲು ಅವಳ ಭುಜ ಅಲುಗಿತು. ಅಳುತ್ತಾಳೆ ಅಂತ ನಾನು ಏಳಹೋದೆ. ಅಳುವಲ್ಲ. ನಗು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾಂಬಾರ್!" ಅಂದಳು, ಮತ್ತೆ ನಕ್ಕಳು. ಅಕ್ಕುವಿಗೂ ನಗು ಬಂತು. ಶೆಟ್ಟರೂ ನಗಲು ನೋಡಿದರು. "ನೀವು ನಗ್ಬೇಡಿ," ಅಂದರು ಅಕ್ಕು. ಅವರು ನಿಲ್ಲಿಸಿದರು.

ನಗು ಇಳಿದ ಮೇಲೆ ಬಸವಣ್ಣೆವ್ವ ಮುಷ್ಟಿ ಬಿಚ್ಚಿದಳು. ನನಗೆ ಗೊತ್ತಾಯಿತು.

"ತಿರುಗಿ ಕೊಡೂದು ಬರೂದಿಲ್ಲ," ಅಂದೆ ನಾನು, ಕಡೆಯ ಆಸೆಗೆ. ಶೆಟ್ಟರು ನನ್ನ ಬೆಂಬಲಕ್ಕೆ ಬಂದರು. "ಹೌದು, ಹೌದು, ನಿಯಮ ನಿಯಮವೇ."

"ಯಾರು ತಿರುಗಿ ಕೊಡಾಕತ್ತಾರ?" ಅಂದಳು ಬಸವಣ್ಣೆವ್ವ. "ಶೆಟ್ರು ನಿಮಗ ಕೊಟ್ಟರು, ಅದು ನಿಮ್ಮಿಬ್ಬರ ಬನ್ನಿ, ಮುಗೀತು. ನನ್ನ ಬನ್ನಿ ಇನ್ನೂ ಆಗಿಲ್ಲ. ನಮ್ಮ ಮನ್ಯಾಗ ಶೀಗಿ ಹುಣ್ಣಿವಿ ತನಕಾ ಬನ್ನಿ ಕೊಡತಾರ, ನಿಮ್ಮವ್ವನೇ ಕೊಡತಿದ್ಲು, ಮರತ್ರೇನು?"

ಮರೆತಿರಲಿಲ್ಲ. ದಸರೆಯಾಗಿ ಐದು ದಿನಕ್ಕೆ ಬರುವ ಹುಣ್ಣಿಮೆ ಅದು, ಅವಳು ಹೇಳಿದ್ದು ನಿಜ.

ಚೀಲದಿಂದ ಆಪಟಾ ಎಲೆ ತೆಗೆದಳು. ಮನೆಯಿಂದಲೇ ತಂದಿದ್ದಳು ಅಂತ ನನಗೆ ಆಗ ತಿಳಿಯಿತು. ಕೇಳುವ ಮಾತಿಗೆ ಉತ್ತರ ಏನೇ ಬಂದರೂ ಕೊಡುವುದೆಂದೇ ಬಂದಿದ್ದಳೋ, ಉತ್ತರ ನೋಡಿ ಕೊಡೋಣ ಅಂತ ಬಂದಿದ್ದಳೋ, ನಾನು ಇಂದಿಗೂ ಕೇಳಿಲ್ಲ. ಎಲೆಗಳ ಟಿಸಿಲನ್ನು ಅಕ್ಕುವಿನ ಕೈಗೆ ಇಟ್ಟಳು. ಬಿಲ್ಲೆಯನ್ನು ಕೈಗೆ ಕೊಡಲಿಲ್ಲ. ಎದ್ದು ಹೋಗಿ ಅಕ್ಕುವಿನ ಸೆರಗು ಹಿಡಿದು, ಎಡಭುಜದ ಕೆಳಗೆ ಚುಚ್ಚಿದಳು. ಪಿನ್ನು ಬಿಗಿಯಾಗಿತ್ತು, ಎರಡು ಸಲ ಜಾರಿತು. ಚುಚ್ಚಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದಳು. ಅವತ್ತು ಓಣಿಯಲ್ಲಿ ನೋಡುತ್ತಾ ಹೋಗಿದ್ದಳಲ್ಲ, ಹಾಗೆ.

"ಸೊಟ್ಟ ಐತಿ," ಅಂದಳು.

"ಬಕೆಟ್ಟೇ ಸೊಟ್ಟ," ಅಂದರು ಅಕ್ಕು. "ಬರೆದವರನ್ನು ಕೇಳಿ."

ಎಲ್ಲರೂ ನನ್ನನ್ನು ನೋಡಿದರು. ನಾನು ಆರಿದ ಚಹಾ ಕುಡಿದೆ.

ಹೊರಡುವಾಗ ಅಕ್ಕು ಅದೇ ಎಲೆಗಳಲ್ಲಿ ಒಂದನ್ನು ಮುರಿದು ಬಸವಣ್ಣೆವ್ವನ ಕೈಗೆ ಇಟ್ಟರು. "ಹೀಗೇ ಅಲ್ವಾ ಕೊಡುದು?" ಅಂತ ಕೇಳಿದರು. "ಹಿಂಗರಿ," ಅಂದಳು ಇವಳು. ಇಬ್ಬರೂ ಬಾಗಿಲಲ್ಲಿ ನಿಂತು ಮತ್ತೆ ಮಾತು ಶುರು ಮಾಡಿದರು. ಟ್ಯಾಂಕರಿನ ಮಾತು, ಆಗಿನ ಹಡಪಸರದ ಮಾತು, ಯಾವ ನಳಕ್ಕೆ ಯಾರು ಜಗಳಾಡಿದರು ಅನ್ನುವ ಮಾತು. ನಾವು ಗಂಡಸರು ಮೆಟ್ಟಿಲ ಮೇಲೆ ಕೂತು ಕಾದೆವು. ಒಂದು ಬಸ್ಸು ಹೋಯಿತು. ಇನ್ನೊಂದೂ ಹೋಯಿತು.

"ಏಣಿ ಬೇಕಾದ್ರೆ ಕೊಡ್ತೇನೆ ಮಾರಾಯ್ರೆ," ಅಂದರು ಶೆಟ್ಟರು, ಮೆಲ್ಲಗೆ.

"ಇರಲಿ ಬಿಡ್ರಿ," ಅಂದೆ.

ಮನೆಗೆ ಬಂದ ಮೇಲೆ ನಾನು ಬಟ್ಟೆ ಮಡಚಲು ಕೂತೆ. ಖಾಲಿ ಜಾಗ ಮತ್ತೆ ಖಾಲಿ. ಬೇಸರ ಆಗಿರಲಿಲ್ಲ ಅಂದರೆ ಸುಳ್ಳು. ಅಷ್ಟು ವರ್ಷ ಕಾದದ್ದು ಒಂದು ರಾತ್ರಿ ಇದ್ದು ಹೋಯಿತು. ಆದರೆ ಒಂದು ಯೋಚನೆಯೂ ಬಂತು. ಬಿಲ್ಲೆ ಮಾಡಿದ್ದು ಬಟ್ಟೆಗೆ ಚುಚ್ಚಿ ಮಡಚಿಡಲಿಕ್ಕಲ್ಲ. ನನ್ನ ಹತ್ತಿರ ಇರುವವೆಲ್ಲ ಎದೆಯಿಂದ ಕೆಳಗಿಳಿದ ಮೇಲೆ ನನಗೆ ಸಿಕ್ಕವು. ಅದೊಂದು ಮಾತ್ರ ತಿರುಗಿ ಎದೆಗೇರಿತು.

ಬಸವಣ್ಣೆವ್ವ ಬಂದು ಮಗ್ಗಲಿಗೆ ಕೂತಳು. "ಮಡಚಬ್ಯಾಡ್ರಿ," ಅಂದಳು. ಒಂದರ ಮೇಲೆ ಬೆರಳಿಟ್ಟಳು. "ಛತ್ರಿ ಯಾರದು?"

ಹೇಳಿದೆ.

"ಗೆದ್ದನೇನು?"

"ಇಲ್ಲ."

"ಇದು? ತಕ್ಕಡಿ?"

ಹಾಗೆ ಒಂದೊಂದನ್ನೇ ಕೇಳುತ್ತಾ ನಡುವಿಗೆ ಬಂದಳು. ಅಲ್ಲಿ ನಿಂತು, ಸೊಂಟಕ್ಕೆ ಸಿಕ್ಕಿಸಿಕೊಂಡ ಎಲೆ ತೆಗೆದು, ಒಂದು ಪಿನ್ನು ಬೇಡಿ, ಆ ಜಾಗಕ್ಕೆ ಚುಚ್ಚಿದಳು.

"ಎಲಿ ಒಣಗಿ ಪುಡಿ ಆಗತದ," ಅಂದೆ.

"ಆಗಲಿ," ಅಂದಳು. "ಮುಂದಿನ ದಸರಾಕ್ಕ ಹೊಸಾದು ಕೊಡತಾಳ. ಬರ್ತೀನಂತ ಹೇಳಿ ಬಂದೀನಿ."